ರಾಯ ಯಾರವನು ಅನ್ನೋ ಜಗಳ ಸಾಕು, ಅವನ ಕಾವ್ಯ ಓದಿ

ನಿನ್ನೆ ನೆಂಟರ ಮನೆಯ ಗೃಹಪ್ರವೇಶ. ಊಟ ಮುಗಿದು ಎಲೆ ಅಡಿಕೆ ತಟ್ಟೆ ಬರೋ ಹೊತ್ತಿಗೆ ಅದೇ ಹಳೇ ಜಗಳ ಶುರುವಾಯಿತು. ಕೃಷ್ಣದೇವರಾಯ ಕನ್ನಡದವನೋ ತೆಲುಗಿನವನೋ? ಒಬ್ಬರು 'ಕನ್ನಡ ರಾಜ್ಯ ರಮಾರಮಣ' ಅಂದರು. ಇನ್ನೊಬ್ಬರು 'ದೇಶಭಾಷಲಂದು ತೆಲುಗು ಲೆಸ್ಸ', ಅಂದರೆ ದೇಶದ ಭಾಷೆಗಳಲ್ಲಿ ತೆಲುಗೇ ಲೇಸು, ಅಂದರು. ದನಿ ಏರಿತು. "ಆ ಲೆಸ್ಸ ಅನ್ನೋ ಸಾಲು ಎಲ್ಲಿ ಬರುತ್ತೆ ಮಾವ?" ಅಂತ ಕೇಳಿದೆ. ಇಬ್ಬರಿಗೂ ಗೊತ್ತಿರಲಿಲ್ಲ. ಆ ಸಿಟ್ಟು ಇವತ್ತೂ ಇಳಿದಿಲ್ಲ.

ನಮ್ಮದು ಗಡಿ ಊರು. ಅಜ್ಜಿ ಜೊತೆ ತೆಲುಗು, ಬೀದಿಯಲ್ಲಿ ಕನ್ನಡ. ನಿಮಗೆಲ್ಲ ಗೊತ್ತೇ ಇದೆ. ಅದಕ್ಕೇ ಈ ಜಗಳ ನನಗೆ ಜಾಸ್ತಿ ನೋವು ಕೊಡುತ್ತದೆ.

ಆ ಸಾಲು 'ಆಮುಕ್ತಮಾಲ್ಯದ' ಅನ್ನೋ ತೆಲುಗು ಕಾವ್ಯದ್ದು. ಬರೆದವನು ರಾಯನೇ. ಕಳಿಂಗದ ದಂಡಯಾತ್ರೆಯ ಸಮಯದಲ್ಲಿ ಕೃಷ್ಣಾ ತೀರದ ಶ್ರೀಕಾಕುಳದಲ್ಲಿ ತಂಗಿದ್ದಾಗ ಅಲ್ಲಿನ ದೇವರು ಆಂಧ್ರವಿಷ್ಣು ಕನಸಿಗೆ ಬಂದು, ತಾನು ಮುಡಿದ ಮಾಲೆಯನ್ನು ನನಗೆ ಕೊಟ್ಟ ಹುಡುಗಿಯ ಕಥೆಯನ್ನು, ಶ್ರೀರಂಗದಲ್ಲಿ ನಡೆದ ನಮ್ಮ ಮದುವೆಯನ್ನು ತೆಲುಗಲ್ಲಿ ಬರೆ ಅನ್ನುತ್ತಾನೆ. ಲೆಸ್ಸ ಅನ್ನೋ ಮಾತು ಅಲ್ಲೇ ಬರುತ್ತದೆ. ಆದರೆ ಅದೇ ಕನಸಿನಲ್ಲಿ ದೇವರು ರಾಯನನ್ನು ಏನಂತ ಕರೆಯುತ್ತಾನೆ ಗೊತ್ತಾ? 'ನೇನು ತೆಲುಂಗುರಾಯಡನ್, ಕನ್ನಡರಾಯ!' ನಾನು ತೆಲುಗು ರಾಯ, ನೀನು ಕನ್ನಡ ರಾಯ. ಐನೂರು ವರ್ಷದ ಹಿಂದೆ ಒಂದೇ ಪದ್ಯದಲ್ಲಿ ಇಬ್ಬರೂ ಪಕ್ಕಪಕ್ಕ ಕೂತಿದ್ದಾರೆ. ನಾವು ಅರ್ಧ ಸಾಲು ಕಿತ್ತುಕೊಂಡು ಬಡಿದಾಡುತ್ತಿದ್ದೇವೆ.

ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ ಭಾರತವನ್ನು ಕನ್ನಡದಲ್ಲಿ ಮುಂದುವರಿಸಿದ ತಿಮ್ಮಣ್ಣ ಕವಿಗೂ ಆಸರೆ ಇದೇ ರಾಯ. ಇದನ್ನೂ ಯಾರೂ ಎತ್ತುವುದಿಲ್ಲ.

ಕಾವ್ಯದ ಒಳಗೆ ಏನಿದೆ ಅಂತ ಒಬ್ಬರಾದರೂ ಕೇಳಬೇಕಲ್ವಾ? ಮಾಲೆ ಕೊಟ್ಟ ಆ ಹುಡುಗಿ ಗೋದಾದೇವಿ. ಅವಳ ತಂದೆ ವಿಷ್ಣುಚಿತ್ತನ ಮನೆಯಲ್ಲಿ ದಿನವೂ ಬಂದವರಿಗೆ ಊಟ. ಜಡಿಮಳೆ ಹಿಡಿದಿದೆ. ಹೊಗೆ ಕಣ್ಣಿಗೆ ಹೋಗದಿರಲಿ ಅಂತ ಅವನ ಹೆಂಡತಿ ತೆಂಗಿನ ಕರಟ ಉರಿಸಿ ಅಡುಗೆ ಮಾಡುತ್ತಾಳೆ. ಅನ್ನ, ಸಿಪ್ಪೆ ತೆಗೆದ ಬೇಳೆ, ಒಗ್ಗರಣೆ ಕೊಟ್ಟ ನಾಲ್ಕೈದು ಪಲ್ಯ, ಸಂಡಿಗೆ, ಮೊಸರು, ಮೇಲೆ ಧಾರಾಳ ತುಪ್ಪ. ದಂಡು ಕಟ್ಟಿಕೊಂಡು ದೇಶ ಗೆದ್ದ ದೊರೆಗೆ ಒಲೆ ಮುಂದೆ ಕೂತ ಹೆಂಗಸಿನ ಕಣ್ಣುರಿ ಗೊತ್ತಿತ್ತು! ನಮ್ಮಜ್ಜಿಯೂ ಮಳೆಗಾಲಕ್ಕೆ ಅಂತ ಕರಟ ಕೂಡಿಡುತ್ತಿದ್ದಳು. ಈ ಪದ್ಯ ಮೊದಲ ಸಲ ಅರ್ಥವಾದ ದಿನ ನಾನು ಅತ್ತಿದ್ದೇನೆ.

ಇನ್ನು ಮಾಲದಾಸರಿಯ ಕಥೆ. ಅವನು ಚಂಡಾಲ. ನಸುಕಿನಲ್ಲೇ ಕುರುಂಗುಡಿಯ ದೇವರಿಗೆ ಹಾಡಲು ಹೋಗುವವನು. ಒಂದು ರಾತ್ರಿ ಹೊತ್ತು ತಿಳಿಯದೆ ಬೇಗ ಹೊರಟು, ದಾರಿ ತಪ್ಪಿ, ಬ್ರಹ್ಮರಾಕ್ಷಸನ ಕೈಗೆ ಸಿಕ್ಕಿಬೀಳುತ್ತಾನೆ. ಹಾಡಿ ಬರುತ್ತೇನೆ, ಆಮೇಲೆ ತಿನ್ನು ಅನ್ನುತ್ತಾನೆ. ಹೋಗುತ್ತಾನೆ, ಹಾಡುತ್ತಾನೆ, ಕೊಟ್ಟ ಮಾತಿನಂತೆ ವಾಪಸ್ ಬರುತ್ತಾನೆ. ಪುಣ್ಯಕೋಟಿ ನೆನಪಾಯಿತಾ? ನನಗಂತೂ ಮೈ ಜುಮ್ಮೆಂದಿತು. ಹಿಂದೆ ಬ್ರಾಹ್ಮಣನಾಗಿದ್ದ ಆ ರಾಕ್ಷಸ ಚಂಡಾಲನ ಕಾಲಿಗೆ ಬಿದ್ದು, ನಿನ್ನ ಹಾಡಿನ ಫಲ ಕೊಡು ಅಂತ ಬೇಡುತ್ತಾನೆ. ಅದು ಸಿಕ್ಕ ಮೇಲೇ ಅವನಿಗೆ ಬಿಡುಗಡೆ. ಕಥೆ ಪುರಾಣದ್ದೇ ಇರಬಹುದು. ಆದರೆ ಸಿಂಹಾಸನದ ಮೇಲೆ ಕೂತವನು ಅದನ್ನೇ ಆರಿಸಿ, ಇಷ್ಟು ಮನಸ್ಸಿಟ್ಟು ಬರೆದ. ನಿನ್ನೆಯ ಜಗಳದಲ್ಲಿ ಇದಕ್ಕೆ ಜಾಗ ಇರಲಿಲ್ಲ.

ಇದನ್ನೇ ನಿನ್ನೆ ಹೇಳಿದಾಗ "ಆ ತೆಲುಗು ಕಬ್ಬಿಣದ ಕಡಲೆ ಕಣಪ್ಪಾ, ಯಾರು ಓದ್ತಾರೆ" ಅಂದರು ಮಾವ. ಕಷ್ಟ ಹೌದು. ನನಗೂ ಅರ್ಥ ಹೇಳುವವರು ಬೇಕಾಯಿತು. ಆದರೆ ಕುಮಾರವ್ಯಾಸನನ್ನು ನಾವು ಕೇಳಿದ್ದು ಹೇಗೆ? ಒಬ್ಬರು ಗಮಕದಲ್ಲಿ ಓದಿ, ಪಕ್ಕದಲ್ಲಿ ಇನ್ನೊಬ್ಬರು ಬಿಡಿಸಿ ಹೇಳಿದ್ದರಿಂದ ತಾನೇ? ಒಂದು ಗಂಟೆ ಜಗಳಕ್ಕೆ ಸಮಯ ಇದ್ದವರಿಗೆ ನಾಲ್ಕು ಪದ್ಯಕ್ಕೆ ಇಲ್ಲ ಅಂದರೆ ನಾನು ಒಪ್ಪುವುದಿಲ್ಲ.

ನಾನೂ ಕಾಲೇಜಿನಲ್ಲಿ ಇದೇ ವಿಷಯಕ್ಕೆ ಗೆಳೆಯನೊಬ್ಬನ ಜೊತೆ ಮಾತು ಬಿಟ್ಟೆ. ಆಗ ನಾನೂ ಒಂದು ಪದ್ಯ ಓದಿರಲಿಲ್ಲ. ಅವನ ಜೊತೆ ಮತ್ತೆ ಮಾತಾಡಲು ಆರು ವರ್ಷ ಬೇಕಾಯಿತು.

ಭಾನುವಾರ ಸಂಜೆ ನಮ್ಮನೆಗೆ ಬನ್ನಿ. ಮಾಲದಾಸರಿಯ ಕಥೆಯಿಂದ ಶುರು ಮಾಡೋಣ. ತೆಲುಗು ಲಿಪಿ ನಮ್ಮದಕ್ಕೆ ಹತ್ತಿರವೇ, ಕೂಡಿಸಿಕೊಂಡು ಓದಬಹುದು. ಅರ್ಥ ನಾನು ಹೇಳುತ್ತೇನೆ. ಮಾವನಿಗೆ ಆಗಲೇ ಫೋನ್ ಮಾಡಿದ್ದೇನೆ, ಬರುತ್ತೇನೆ ಅಂದಿದ್ದಾರೆ.