ಕೆಳದವಡೆಯಲ್ಲಿ ಒಂದೇ ನಾಳ, ಒಂದೇ ರಂಧ್ರ ಎಂಬ ಚಿತ್ರದ ಬಗ್ಗೆ
ಕೆಳದವಡೆಗೆ ಕೊಟ್ಟ ಅರಿವಳಿಕೆ ಹಿಡಿಯದಿದ್ದರೆ ಅದಕ್ಕೆ ವೈದ್ಯರ ಅನುಭವದ ಕೊರತೆಯೇ ಕಾರಣವೆಂದು ದಂತಚಿಕಿತ್ಸೆಯ ಬಗೆಗಿನ ಒಂದು ಲೇಖನದಲ್ಲಿ ಹೇಳಿರುವುದು ಪೂರ್ತಿ ಸರಿಯಲ್ಲ; ನರ ಸಾಗುವ ದಾರಿ ಎಲ್ಲರಲ್ಲೂ ಒಂದೇ ಆಗಿರದಿರುವುದೂ ಕಾರಣವಿರಬಹುದು. ಪಠ್ಯಪುಸ್ತಕದ ಚಿತ್ರದಲ್ಲಿ ದವಡೆಯ ಪ್ರತಿ ಪಾರ್ಶ್ವದಲ್ಲೂ ಒಂದೇ ನರನಾಳ (ಮೂಳೆಯೊಳಗೆ ನರ ಸಾಗುವ ಕೊಳವೆ) ಸಾಗಿ, ಮುಂದವಡೆ ಹಲ್ಲುಗಳ (ಕೋರೆಹಲ್ಲಿನ ಹಿಂದಿನ ಎರಡು ಹಲ್ಲುಗಳ) ಬೇರಿನ ಆಸುಪಾಸಿನಲ್ಲಿ ಒಂದೇ ರಂಧ್ರದ ಮೂಲಕ ಹೊರಬರುತ್ತದೆ. ಆದರೆ ಕೆಲವರಲ್ಲಿ ಆ ನಾಳ ಕವಲೊಡೆದಿರುತ್ತದೆ, ಒಂದು ಕವಲು ಬುದ್ಧಿಹಲ್ಲಿನ ಹಿಂದಿನ ಮೂಳೆಯಲ್ಲಿ ತೆರೆದುಕೊಳ್ಳುವುದೂ ಉಂಟು. ನಾಲಿಗೆಯ ಬದಿಯಿಂದ ಮೈಲೋಹಯಾಯ್ಡ್ ನರದ (ಬಾಯಿಯ ತಳದ ಸ್ನಾಯುವಿಗೆ ಹೋಗುವ ನರದ) ಎಳೆಗಳು ದವಡೆ ಹಲ್ಲಿಗೆ ಬಂದು ಸೇರಿದ್ದರಂತೂ, ತುಟಿ ಪೂರ್ತಿ ಮರಗಟ್ಟಿದ್ದರೂ ಡ್ರಿಲ್ ತಾಗಿದೊಡನೆ ರೋಗಿ ಬೆಚ್ಚಿಬೀಳಬಹುದು. (ಅದನ್ನು ಬರೀ ಭಯವೆಂದು ತಳ್ಳಿಹಾಕುವುದು ಅನ್ಯಾಯ.)

ಇಂಪ್ಲಾಂಟ್ (ಕೃತಕ ಹಲ್ಲಿಗೆ ಆಧಾರವಾಗಿ ಮೂಳೆಗೆ ಹಾಕುವ ತಿರುಪು) ಕೂರಿಸುವಾಗ ವಿಷಯ ಇನ್ನೂ ಸೂಕ್ಷ್ಮ. ಮೇಲೆ ಹೇಳಿದ ಆ ಗದ್ದದ ರಂಧ್ರದಿಂದ ಹೊರಬೀಳುವ ಮೊದಲು ನರ ಮುಂದಕ್ಕೆ ಸಾಗಿ ಕುಣಿಕೆಯಂತೆ ಹಿಂತಿರುಗುವುದುಂಟಾದ್ದರಿಂದ, ರಂಧ್ರದ ಮುಂದಿನ ಮೂಳೆ ನಿರಪಾಯವೆಂದು ಭಾವಿಸಿ ಕೊರೆದರೆ ಕೆಳತುಟಿ ಮತ್ತು ಗದ್ದದ ಸ್ಪರ್ಶಜ್ಞಾನಕ್ಕೇ ಪೆಟ್ಟು ಬೀಳಬಹುದು. ಹಲ್ಲುಗಳು ಹೋಗಿ ಬಹುಕಾಲವಾದ ದವಡೆಯಲ್ಲಿ ಮೂಳೆ ಸವೆದು ಅದೇ ರಂಧ್ರ ವಸಡಿನ ಅಂಚಿನ ಹತ್ತಿರಕ್ಕೆ ಬಂದಿರುವುದುಂಟು. ಆಗ ಕಟ್ಟುಹಲ್ಲು ಅದರ ಮೇಲೆ ಒತ್ತಿ ಪ್ರತಿ ತುತ್ತಿಗೂ ಚಳಕು ಹೊಡೆಯುತ್ತದೆ.

ಸಾಮಾನ್ಯ ಎಕ್ಸ್‌ರೇ ಚಪ್ಪಟೆ ನೆರಳಾದ್ದರಿಂದ ಸಣ್ಣ ಕವಲುಗಳು ಅದರಲ್ಲಿ ಕಣ್ತಪ್ಪಿಹೋಗುತ್ತವೆ. ಹಾಗೆಂದು ಎಲ್ಲರಿಗೂ ಕೋನ್ ಬೀಮ್ ಸಿ.ಟಿ. (ದವಡೆಯನ್ನು ಮೂರು ಆಯಾಮಗಳಲ್ಲಿ ತೋರಿಸುವ ಸ್ಕ್ಯಾನ್) ಮಾಡಿಸಬೇಕೆಂಬ ಲೇಖನದ ಸಲಹೆಯನ್ನು ನಾನು ಒಪ್ಪಲಾರೆ. ಅನಗತ್ಯ ವಿಕಿರಣ ಯಾರಿಗೂ ಬೇಡ. ಇಂಪ್ಲಾಂಟ್ ಯೋಜಿಸುವಾಗ, ಇಲ್ಲವೇ ಬುದ್ಧಿಹಲ್ಲಿನ ಬೇರು ನಾಳಕ್ಕೆ ತಗುಲಿದಂತೆ ಎಕ್ಸ್‌ರೇಯಲ್ಲಿ ಕಂಡಾಗ ಮಾಡಿಸಿದರೆ ಸಾಕು.