ಸ್ಪಷ್ಟನೆ: ಥರ್ಮೋಸ್ಟಾಟ್ ಕಿತ್ತು ಹಾಕುವುದು ಪರಿಹಾರವಲ್ಲ

ದೋಣಿಯ ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂಬದಿಗೆ ಹೊರಗಡೆ ಕಟ್ಟುವ ಎಂಜಿನ್) ಜಾಸ್ತಿ ಬಿಸಿಯಾದರೆ ಥರ್ಮೋಸ್ಟಾಟ್ (ಎಂಜಿನ್ ಕಾದಾಗ ತೆರೆದು ತಣಿಸುವ ನೀರನ್ನು ಹರಿಯಬಿಡುವ ಕವಾಟ) ಕಿತ್ತು ಹಾಕಿ, ಎಲ್ಲ ಸರಿಹೋಗುತ್ತದೆ ಎಂಬ ಮಾತು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ದಯವಿಟ್ಟು ಮುಂದೆ ಕಳಿಸಬೇಡಿ.

ಥರ್ಮೋಸ್ಟಾಟ್ ಮುಚ್ಚಿದಲ್ಲೇ ಸಿಕ್ಕಿಕೊಂಡರೆ ಎಂಜಿನ್ ಬಿಸಿಯಾಗುವುದು ನಿಜ. ಆಗ ಹೊಸದು ಹಾಕಬೇಕು. ತೆಗೆದೇ ಬಿಟ್ಟರೆ ಎಂಜಿನ್ ಬೇಕಾದಷ್ಟು ಕಾಯುವುದೇ ಇಲ್ಲ. ಸೀಮೆಎಣ್ಣೆಯಲ್ಲಿ ಓಡುವ ನಾಡದೋಣಿ ಎಂಜಿನ್‌ಗೆ ಇದು ಇನ್ನೂ ಕೆಟ್ಟದ್ದು. ತಣ್ಣಗಿನ ಎಂಜಿನ್‌ನಲ್ಲಿ ಸೀಮೆಎಣ್ಣೆ ಸರಿಯಾಗಿ ಉರಿಯುವುದಿಲ್ಲ. ಹೊಗೆ ಬರುತ್ತದೆ, ಪ್ಲಗ್‌ಗೆ ಮಸಿ ಹಿಡಿಯುತ್ತದೆ.

ಎಂಜಿನ್ ಜಾಸ್ತಿ ಬಿಸಿಯಾದರೆ ಮೊದಲು ನೋಡಬೇಕಾದ್ದು ಅದನ್ನು ತಣಿಸುವ ನೀರು. ಎಂಜಿನ್ ಓಡುವಾಗ ಪಕ್ಕದ ಸಣ್ಣ ತೂತಿನಿಂದ ನೀರು ಚಿಮ್ಮಬೇಕು, ಅಲ್ವಾ? ಅದು ನಿಂತರೆ ತಕ್ಷಣ ಎಂಜಿನ್ ಆಫ್ ಮಾಡಿ. ಕೆಳಗೆ ನೀರು ಎಳೆಯುವ ಜಾಲರಿಗೆ ಪ್ಲಾಸ್ಟಿಕ್ ಚೀಲವೋ ಬಲೆಯ ತುಂಡೋ ಅಂಟಿರಬಹುದು. ಕೆಲವೊಮ್ಮೆ ಆ ತೂತಿನಲ್ಲೇ ಉಪ್ಪು ಕಟ್ಟಿರುತ್ತದೆ. ತೆಳು ತಂತಿಯಿಂದ ಬಿಡಿಸಿ ನೋಡಿ.

ಇಷ್ಟಾದರೂ ನೀರು ಬಾರದಿದ್ದರೆ ನೀರಿನ ಪಂಪಿನೊಳಗಿನ ರಬ್ಬರ್ ಇಂಪೆಲ್ಲರ್ (ತಿರುಗಿ ನೀರು ತಳ್ಳುವ ರೆಕ್ಕೆಯ ಚಕ್ರ) ಬಿಚ್ಚಿಸಿ ನೋಡಬೇಕು. ದಡದಲ್ಲಿ ನೀರಿಲ್ಲದೆ ಸುಮ್ನೆ ಎಂಜಿನ್ ಸ್ಟಾರ್ಟ್ ಮಾಡಿ ನೋಡುವ ರೂಢಿಯಿಂದ ಅದರ ರೆಕ್ಕೆಗಳು ಬೇಗ ಸುಟ್ಟುಹೋಗುತ್ತವೆ. ರೆಕ್ಕೆ ಮುರಿದಿದ್ದರೆ ಹೊಸ ಇಂಪೆಲ್ಲರ್ ಹಾಕಿದರಷ್ಟೇ ಸಾಲದು. ಮುರಿದ ಚೂರುಗಳನ್ನೆಲ್ಲ ಹುಡುಕಿ ತೆಗೆಯಲೇಬೇಕು. ಒಂದು ಚೂರು ನೀರಿನ ದಾರಿಯಲ್ಲಿ ಉಳಿದರೂ ಎಂಜಿನ್ ಮತ್ತೆ ಕಾಯುತ್ತದೆ.

ಥರ್ಮೋಸ್ಟಾಟ್ ಮೇಲೆ ಅನುಮಾನವಿದ್ದರೆ ಬಿಚ್ಚಿ ಬಿಸಿನೀರಿನ ಪಾತ್ರೆಯಲ್ಲಿ ಮುಳುಗಿಸಿ. ನೀರು ಕುದಿಯುವ ಹೊತ್ತಿಗೂ ಬಾಯಿ ತೆರೆಯದಿದ್ದರೆ ಅದು ಕೆಟ್ಟಿದೆ, ಬದಲಾಯಿಸಿ.