ಇಡ್ಲಿಗೊಂದು ಹೊತ್ತು, ದೋಸೆಗೊಂದು ಹೊತ್ತು

ಬೆಂಗಳೂರಿನಲ್ಲಿ ಒಳ್ಳೆ ಹೋಟೆಲು ಯಾವುದು ಅಂತ ಯಾರನ್ನು ಕೇಳಿದರೂ ಉತ್ತರ ಸಿಗುತ್ತದೆ. ತೊಂದರೆ ಇರುವುದೇ ಅಲ್ಲಿ. ಬಸವನಗುಡಿಯವರಿಗೆ ಗಾಂಧಿ ಬಜಾರಿನ ಆಚೆ ದೋಸೆಯೇ ಇಲ್ಲ. ಮಲ್ಲೇಶ್ವರದವರ ಪ್ರಕಾರ ಸಿಟಿಆರ್ ಹೋಟೆಲು ಬಿಟ್ಟು ಬೇರೆಲ್ಲೂ ಬೆಣ್ಣೆ ಹಾಕುವುದಿಲ್ಲ. ಇಬ್ಬರೂ ಕಾಲೇಜಿಗೆ ಹೋಗುತ್ತಿದ್ದಾಗ ತಿಂದ ದೋಸೆಯ ಪರವಾಗಿ ವಕಾಲತ್ತು ಹಾಕಿಕೊಂಡವರು. ಆಟೋ ಸ್ಟ್ಯಾಂಡಿನಲ್ಲಿ ಕೇಳಬಹುದು, ಆದರೆ ಕೇಳುವ ವರಸೆ ಬೇರೆ. "ಇಲ್ಲಿ ಒಳ್ಳೆ ಹೋಟೆಲ್ ಯಾವ್ದಣ್ಣ?" ಅಂದರೆ ನಿಮ್ಮ ಅಂಗಿ ಚಪ್ಪಲಿ ನೋಡಿ ಏಸಿ ಇರುವ ಕಡೆ ಕೈ ತೋರಿಸುತ್ತಾರೆ. "ನಿಮ್ದು ತಿಂಡಿ ಎಲ್ಲಾಯ್ತಣ್ಣ?" ಅಂತ ಕೇಳಿ, ನಿಜವಾದ ವಿಳಾಸ ಬರುತ್ತದೆ.

ವಿಳಾಸ ಸಿಕ್ಕರೂ ಅರ್ಧ ಕೆಲಸ ಬಾಕಿ. ಹೋಟೆಲು ಒಂದೇ ಆದರೂ ಅಲ್ಲಿನ ಒಂದೊಂದು ತಿಂಡಿಗೆ ಒಂದೊಂದು ಗಡಿಯಾರ. ಜನ ಜಾಸ್ತಿ ಇದ್ದ ಕಡೆ ರುಚಿ ಜಾಸ್ತಿ ಅನ್ನುವ ಮಾತು ಇಡ್ಲಿಯ ಮಟ್ಟಿಗೆ ಸರಿ, ದೋಸೆಯ ಮಟ್ಟಿಗೆ ಶುದ್ಧ ತಪ್ಪು.

ಇಡ್ಲಿ ಹಬೆಯಲ್ಲಿ ಬೇಯುವುದು ಹತ್ತು ಹನ್ನೆರಡು ನಿಮಿಷ. ಇಳಿಸಿದ ಮೇಲೆ ಅದರ ಚೆಂದ ಇನ್ನೊಂದು ಹದಿನೈದು ನಿಮಿಷ. ಆಮೇಲೆ ಡಬ್ಬದಲ್ಲಿ ಮುಚ್ಚಿಟ್ಟರೆ ಹಬೆ ನೀರಾಗಿ ಅದರ ಮೇಲೇ ಇಳಿದು ತಳ ಜಿಗುಟಾಗುತ್ತದೆ, ತೆರೆದಿಟ್ಟರೆ ಸಿಪ್ಪೆಗಟ್ಟುತ್ತದೆ. ಹಾಗಾಗಿ ಭಾನುವಾರ ಒಂಬತ್ತೂವರೆಯ ನೂಕುನುಗ್ಗಲಲ್ಲಿ ಇಡ್ಲಿಯೇ ಕ್ಷೇಮ. ಒಂದು ಒಬ್ಬೆ ಇಳಿಯುವಷ್ಟರಲ್ಲಿ ಖಾಲಿ, ಮುಂದಿನದು ನೇರ ಬಟ್ಟೆಯಿಂದ ತಟ್ಟೆಗೆ. ಅಡಿ ಮಗುಚಿ ನೋಡಿ: ಬಟ್ಟೆಯ ನೇಯ್ಗೆಯ ಗುರುತು ಎದ್ದು ಕಂಡರೆ ಈಗಷ್ಟೇ ಬಿಡಿಸಿದ್ದು. ಉದ್ದಿನ ವಡೆಗೂ ಇದೇ ಲೆಕ್ಕ. ಬೆಳಿಗ್ಗೆ ಕರಿದು ರಾಶಿ ಹಾಕಿದ್ದನ್ನು ಹತ್ತು ಗಂಟೆಗೆ ಮತ್ತೊಮ್ಮೆ ಎಣ್ಣೆಗೆ ಬಿಟ್ಟಿದ್ದರೆ ಬಣ್ಣ ಕಾಫಿಪುಡಿಗೆ ಹತ್ತಿರವಾಗಿರುತ್ತದೆ, ಒತ್ತಿದರೆ ಬೆರಳಿಗೆ ಎಣ್ಣೆ ಇಳಿಯುತ್ತದೆ.

ದೋಸೆಯದು ಬೇರೆ ಜಾತಕ. ಟೋಕನ್ ಕೊಟ್ಟಾದ ಮೇಲೆ ಎರಡು ನಿಮಿಷ ಭಟ್ಟರ ಕೈ ನೋಡಿ. ದೊಡ್ಡ ಕಾವಲಿಯ ಮೇಲೆ ನೀರು ಚಿಮುಕಿಸಿ ಕಡ್ಡಿಪೊರಕೆಯಲ್ಲಿ ಗುಡಿಸುತ್ತಾರಲ್ಲ, ಅದು ಬರೀ ಸ್ವಚ್ಛತೆಗಲ್ಲ, ಕಾವು ಇಳಿಸುವುದಕ್ಕೆ. ನೀರು ಮಣಿಮಣಿಯಾಗಿ ಉರುಳಾಡಿದರೆ ಕಾವು ವಿಪರೀತ. ಆಗ ಹಿಟ್ಟು ಹರಡದೆ ಸೌಟಿನ ಹಿಂದೆಯೇ ಎದ್ದು ಬರುತ್ತದೆ. ಹನಿ ಬಿದ್ದಲ್ಲೇ ಕೂತು ಮೆಲ್ಲಗೆ ಆರಿದರೆ ಕಾವು ಸಾಲದು. ಹಿಟ್ಟು ಹರಡುತ್ತದೆ, ಆದರೆ ಕಣ್ಣು ಬಿಡುವುದಿಲ್ಲ, ತಳ ಕಚ್ಚಿಕೊಳ್ಳುತ್ತದೆ. ಒಮ್ಮೆಗೆ ಹತ್ತು ಹನ್ನೆರಡು ದೋಸೆ ಹೊಯ್ದಾಗ ತಣ್ಣನೆಯ ಹಿಟ್ಟು ಕಾವಲಿಯ ಕಾವನ್ನೆಲ್ಲ ಕುಡಿದುಬಿಡುತ್ತದೆ. ಅದು ಮತ್ತೆ ಏರಲು ಒಂದೆರಡು ನಿಮಿಷ ಬೇಕು. ಇಪ್ಪತ್ತು ಟೋಕನ್ ಸಾಲಾಗಿ ಕೂತಿರುವಾಗ ಆ ಎರಡು ನಿಮಿಷ ಯಾರ ಹತ್ತಿರ ಇರುತ್ತದೆ? ದೋಸೆ ಬಿಳಿಚಿಕೊಳ್ಳುತ್ತದೆ. ಅದನ್ನು ಮುಚ್ಚಲು ಎಣ್ಣೆ ಸುರಿಯುತ್ತಾರೆ. ಅಂಚು ಗರಿಗರಿ, ನಡು ಹಸಿ. ಹಿಟ್ಟಿಗೆ ಸಕ್ಕರೆ ಜಾಸ್ತಿ ಹಾಕಿದ್ದರೆ ಬಣ್ಣವೇನೋ ಬೇಗ ಬರುತ್ತದೆ, ಆದರೆ ಆರುತ್ತಿದ್ದಂತೆ ದೋಸೆ ಚರ್ಮವಾಗುತ್ತದೆ. ಅಂಚು ಐದು ನಿಮಿಷವಾದರೂ ಗರಿ ಬಿಡಬಾರದು. ಪಲ್ಯದ ಬದಿ ಮೆತ್ತಗಾಗುವುದು ಮಸಾಲೆಯ ಧರ್ಮ, ಅದಕ್ಕೆ ಜಗಳ ಬೇಡ.

ಹಾಗಾದರೆ ದೋಸೆಗೆ ಹೊತ್ತು ಯಾವುದು? ವಾರದ ದಿನ, ಬೆಳಿಗ್ಗೆ ಏಳೂವರೆ ಎಂಟು. ಡಿಸೆಂಬರ್ ಜನವರಿಯಲ್ಲಿ ಮಾತ್ರ ಅರ್ಧ ಗಂಟೆ ತಡವಾಗಿ ಹೋಗಿ. ಆ ಚಳಿಗೆ ಸಂಜೆ ರುಬ್ಬಿದ ಹಿಟ್ಟು ಬೆಳಿಗ್ಗೆ ಆರಕ್ಕೆ ಉಬ್ಬಿರುವುದಿಲ್ಲ, ಸೋಡಾ ಹಾಕಿ ಎಬ್ಬಿಸಿರುತ್ತಾರೆ. ತಿಂದು ಗಂಟೆಯಾಗುವಷ್ಟರಲ್ಲಿ ಬಾಯಾರಿಕೆ ಆ ಗುಟ್ಟು ಬಿಟ್ಟುಕೊಡುತ್ತದೆ. ಏಪ್ರಿಲ್‌ನಲ್ಲಿ ಇದು ತಿರುಗುಮುರುಗು. ಹನ್ನೊಂದರ ಮೇಲೆ ಹುಳಿ ಮುಖ ತೋರಿಸುತ್ತದೆ. ಹೊರಡುವ ಮುನ್ನ ವಾರ ನೋಡಿಕೊಳ್ಳಿ: 1943ರಿಂದ ಇರುವ ಗಾಂಧಿ ಬಜಾರಿನ ದೋಸೆ ಹೋಟೆಲು ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, 1924ರ ಎಂಟಿಆರ್‌ನ ಲಾಲ್‌ಬಾಗ್ ರಸ್ತೆಯ ಹೋಟೆಲಿಗೆ ಸೋಮವಾರ. ನೆಂಟರನ್ನು ಕರೆದುಕೊಂಡು ಹೋಗಿ ಮುಚ್ಚಿದ ಬಾಗಿಲ ಮುಂದೆ ನಿಲ್ಲುವ ಗತಿ ಬೇಡ.

ಚಟ್ನಿ ಸುಳ್ಳು ಹೇಳುವುದಿಲ್ಲ. ತಟ್ಟೆಗೆ ಬಿದ್ದು ಎರಡು ನಿಮಿಷಕ್ಕೆ ಇಡ್ಲಿಯ ಸುತ್ತ ನೀರಿನ ಕೆರೆಯಾದರೆ ಆಗಲೇ ಒಂದೆರಡು ಸಲ ನೀರು ಬೆರೆಸಿದ್ದಾರೆ. ಮಂದವಾಗಿ, ನಾಲಿಗೆಗೆ ಹಿಟ್ಟಿನ ಹಾಗೆ ಹತ್ತಿದರೆ ಕಾಯಿಗಿಂತ ಹುರಿಗಡಲೆ ಮುಂದಾಗಿದೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿನಲ್ಲಿ ಸಾಂಬಾರೇ ಕೊಡುವುದಿಲ್ಲ, ಎಷ್ಟು ಸಲ ಕೇಳಿದರೂ ಚಟ್ನಿ ಹಾಕುತ್ತಾರೆ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕುಡಿಯಲು ಕಾಫಿ, ಟೀ. ಬೋರ್ಡು ಅಲ್ಲಿಗೆ ಹೆಚ್ಚುಕಮ್ಮಿ ಮುಗಿಯಿತು. ಗೋಬಿ ಮಂಚೂರಿ, ಪಾವ್ ಭಾಜಿ, ನೀರು ದೋಸೆ ಮೂರೂ ಒಂದೇ ಬೋರ್ಡಿನಲ್ಲಿ ಕಂಡರೆ ಅಲ್ಲಿ ಕಾಫಿ ಕುಡಿದು ಎದ್ದುಬನ್ನಿ.

ಕಾಫಿಗೂ ಹೊತ್ತುಂಟು. ಡಿಕಾಕ್ಷನ್ ಇಳಿದ ಮೊದಲ ಗಂಟೆಯ ಘಮ ಮೂರನೆಯ ಗಂಟೆಗೆ ಇರುವುದಿಲ್ಲ. ಮಧ್ಯಾಹ್ನ ಮೂರಕ್ಕೆ "ಸ್ವಲ್ಪ ಸ್ಟ್ರಾಂಗ್" ಅಂದರೆ ಬೆಳಗಿನ ಹಳಸು ಕಹಿಯನ್ನೇ ಇನ್ನೊಂದು ಚಮಚ ಜಾಸ್ತಿ ಹಾಕಿಸಿಕೊಂಡ ಹಾಗೆ. ನಾಲ್ಕೂವರೆಗೆ ಹೊಸದು ಇಳಿಯುತ್ತದೆ, ತಡೆದುಕೊಳ್ಳಿ. ನೊರೆ ನೋಡಿ ಮರುಳಾಗಬೇಡಿ. ಎತ್ತರದಿಂದ ಹೊಯ್ದರೆ ಬರೀ ಹಾಲೂ ನೊರೆ ಬಿಡುತ್ತದೆ.

ಮಿಲಿಟರಿ ಹೋಟೆಲಿಗೆ ಮಧ್ಯಾಹ್ನ ಎರಡೂವರೆಗೆ ಹೋಗಿ, ಬೆಳಗಿನ ಹೊತ್ತಿನ ಕಾಲು ಸೂಪು ಕೇಳುವವರಿಗೆ ಏನು ಹೇಳುವುದು. ಮುದ್ದೆ ಹೊಳೆಯುತ್ತಿರಬೇಕು, ಮೇಲೆ ಚಕ್ಕೆಗಟ್ಟಿ ಬಿರುಕು ಬಿಟ್ಟಿದ್ದರೆ ಕಟ್ಟಿ ಬಹಳ ಹೊತ್ತಾಗಿದೆ. ಉತ್ತರ ಕರ್ನಾಟಕದ ಖಾನಾವಳಿಯಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ಒಳಗಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿದ್ದರೆ ಕೂತುಕೊಳ್ಳಿ, ಬಿಸಿ ರೊಟ್ಟಿ ಖಾತ್ರಿ. ಸದ್ದಿಲ್ಲದಿದ್ದರೆ ಕಡಕ್ ರೊಟ್ಟಿ ಕೇಳಿ. ಅದಕ್ಕೆ ಹೊತ್ತಿನ ಹಂಗಿಲ್ಲ.

ಇನ್ನು ಮೊಬೈಲಿನ ಸ್ಟಾರು. ಎಲ್ಲರಿಗೂ ನಾಲ್ಕರ ಮೇಲೆ ಚಿಲ್ಲರೆ ಇದ್ದೇ ಇರುತ್ತದೆ. ಹೊಸದು ಮೊದಲು ಬರುವ ಹಾಗೆ ಜೋಡಿಸಿ, ಕಳೆದ ಎರಡು ತಿಂಗಳದ್ದು ಮಾತ್ರ ಓದಿ. ಭಟ್ಟರು ಬದಲಾದರೆ ಬೋರ್ಡು ಬದಲಾಗುವುದಿಲ್ಲ, ರುಚಿ ಬದಲಾಗುತ್ತದೆ. "ಮೊದಲಿನ ಹಾಗಿಲ್ಲ" ಅಂತ ಒಂದೇ ತಿಂಗಳಲ್ಲಿ ಮೂವರು ಗೊಣಗಿದ್ದರೆ ಹಾಗೇ ಆಗಿರುತ್ತದೆ. ಹೋಟೆಲಿನವರು ಹಾಕಿದ ಫೋಟೋ ಬಿಟ್ಟು ಗಿರಾಕಿಗಳ ಫೋಟೋದಲ್ಲಿ ತಟ್ಟೆಯ ಮೂಲೆಯ ಚಟ್ನಿ ನೋಡಿ.

ಹತ್ತೂಮುಕ್ಕಾಲಿಗೆ ಗಲ್ಲಾದಲ್ಲಿ ಕೂತವರು ತಲೆ ಎತ್ತದೆ "ಇಡ್ಲಿ ಖಾಲಿ, ಉಪ್ಪಿಟ್ಟಿದೆ" ಅಂದರೆ ಬೇಸರ ಬೇಡ. ಮುಗಿಯುವಷ್ಟೇ ಮಾಡುವ ಜಾಗ ಸಿಕ್ಕಿತು. ಉಪ್ಪಿಟ್ಟು ಬಿಟ್ಟು ಒಂದು ಬೈಟು ಕಾಫಿ ಕುಡಿದು, ನಾಳೆ ಎಷ್ಟು ಗಂಟೆಗೆ ಬಾಗಿಲು ತೆಗೆಯುತ್ತಾರೆ ಅಂತ ಕೇಳಿಕೊಂಡು ಬನ್ನಿ.